ಕಾರವಾರದ ಕಡಲಿಗೆ ಬಂದ ಸದರ್ ಸ್ಟ್ರೀಟ್ ತಂಡ

ಕಾರವಾರದ ಕಡಲತೀರಕ್ಕೆ ರವೀಂದ್ರನಾಥ ಟಾಗೋರರ ಹೆಸರಿಟ್ಟಿದ್ದಾರೆ. ಅದರ ಹಿಂದಿನ ಕತೆ ನಮ್ಮಲ್ಲಿ ಬಹಳ ಮಂದಿಗೆ ಗೊತ್ತು. ತರುಣ ಕವಿಯೊಬ್ಬ ಬಂದ, ಕಡಲ ಮುಂದೆ ಕುಳಿತ, ಬೆಳದಿಂಗಳಿಗೆ ಮರುಳಾದ, ಅಲ್ಲೇ ತನ್ನ ಮೊದಲ ನಾಟಕ ಬರೆದ, ಹೋಗುವಾಗ ಈ ಊರನ್ನು ‘ಕರ್ನಾಟಕದ ಕಾಶ್ಮೀರ’ ಎಂದು ಹೊಗಳಿದ. ಕತೆ ಚೆನ್ನಾಗಿದೆ. ಆದರೆ ‘ಜೀವನಸ್ಮೃತಿ’ಯ ಕಾರವಾರದ ಅಧ್ಯಾಯ ತೆರೆದು ಓದಿದರೆ ಕಾಶ್ಮೀರದ ಮಾತು ಅಲ್ಲಿ ಸಿಗುವುದಿಲ್ಲ. ನಾಟಕ ಮೊದಲನೆಯದೂ ಅಲ್ಲ. ‘ವಾಲ್ಮೀಕಿ ಪ್ರತಿಭಾ’ವನ್ನು 1881ರಲ್ಲೇ ಕಲ್ಕತ್ತೆಯ ಜೋಡಾಸಾಂಕೋ ಮನೆಯಲ್ಲಿ ಆಡಿದ್ದಾಗಿತ್ತು. ಇವೆಲ್ಲ ಸಣ್ಣ ತಕರಾರುಗಳು, ಬಿಡಿ. ನಮಗೆ ದೊಡ್ಡದಾಗಿ ಕಾಣುವುದು ಬೇರೆಯದೇ ಒಂದು ಸಂಗತಿ. ಕವಿ ಒಬ್ಬರೇ ಬರಲಿಲ್ಲ. ಆ ಅಧ್ಯಾಯದ ಮೊದಲ ವಾಕ್ಯದಲ್ಲಿರುವುದು ‘ನಾನು’ ಅಲ್ಲ, ‘ನಾವು’. ಸದರ್ ಸ್ಟ್ರೀಟಿನ ನಮ್ಮ ತಂಡ ಕೆಲವು ದಿನ ಕಾರವಾರದ ಕಡಲ ದಡದಲ್ಲಿ ಆಶ್ರಯ ಪಡೆಯಿತು ಎಂದು ಅವರು ಶುರುಮಾಡುತ್ತಾರೆ.

ಅಂದರೆ 1883ರಲ್ಲಿ ಕಾರವಾರಕ್ಕೆ ಬಂದದ್ದು ಒಂದು ಸಂಸಾರ. ಅಣ್ಣ, ಅತ್ತಿಗೆ, ಮೈದುನ ಎಲ್ಲ ಕೂಡಿ ಇನ್ನೊಬ್ಬ ಅಣ್ಣನ ಮನೆಗೆ ರಜೆಗೆಂದು ಬಂದಿದ್ದರು. ಇಂದು ನಾಲ್ಕು ಮನೆಯವರು ಸೇರಿ ಕಡಲ ಬದಿಯಲ್ಲಿ ಒಂದು ದೊಡ್ಡ ಮನೆ ಹಿಡಿದು ವಾರ ಕಳೆದು ಬರುತ್ತೇವಲ್ಲ, ಹೆಚ್ಚುಕಡಿಮೆ ಅಂಥದೇ. ಆದರೆ ಆ ಕಾಲಕ್ಕೆ ಭಾರತದಲ್ಲಿ ಅದು ಹೊಸತು. ನಮ್ಮ ಹಿರಿಯರು ಕಡಲಿಗೆ ಹೋಗುತ್ತಿದ್ದದ್ದು ಗೋಕರ್ಣದಲ್ಲಿ ಮುಳುಗು ಹಾಕಲು, ಅಮಾವಾಸ್ಯೆಯ ಸ್ನಾನಕ್ಕೆ, ಇಲ್ಲವೇ ಅಸ್ಥಿ ಬಿಡಲು. ಬೇಸಗೆ ರಜೆಗೆ ಹೋಗುತ್ತಿದ್ದದ್ದು ಅಜ್ಜಿಯ ಮನೆಗೆ. ಏನೂ ಕೆಲಸವಿಲ್ಲದೆ, ಪುಣ್ಯದ ಲೆಕ್ಕವೂ ಇಲ್ಲದೆ, ಹೆಂಗಸರು ಮಕ್ಕಳೆಲ್ಲ ಮರಳಿನ ಮೇಲೆ ಓಡಾಡಿ ಬರಲೆಂದೇ ಕಡಲಿಗೆ ಹೋಗುವುದು ಎಲ್ಲಿಂದ ಬಂತು? ಈ ಒಂದು ಸಂಸಾರದ ಮಟ್ಟಿಗೆ ಅದರ ಜಾಡು ಹಿಡಿಯಬಹುದು. ಆ ಜಾಡು ನಾವಿರುವ ಈ ದೇಶದ ಮೂಲಕವೇ ಹೋಗುತ್ತದೆ.

ಮೊದಲು ಬಂದವರ ಪರಿಚಯ ಆಗಲಿ. ದೇವೇಂದ್ರನಾಥ ಟಾಗೋರರ ಮಕ್ಕಳಲ್ಲಿ ಎರಡನೆಯವರು ಸತ್ಯೇಂದ್ರನಾಥ, ಹುಟ್ಟಿದ್ದು 1842ರಲ್ಲಿ. ಐ.ಸಿ.ಎಸ್. ಪರೀಕ್ಷೆ ಗೆದ್ದ ಮೊದಲ ಭಾರತೀಯ ಅವರೇ. 1863ರಲ್ಲಿ ಆಯ್ಕೆಯಾಗಿ ಮರುವರ್ಷ ಊರಿಗೆ ಮರಳಿ ಮುಂಬಯಿ ಪ್ರಾಂತದ ಸೇವೆಗೆ ಸೇರಿದರು. 1883ರಲ್ಲಿ ಅವರು ಕಾರವಾರದಲ್ಲಿ ನ್ಯಾಯಾಧೀಶರು. ಅವರ ಹೆಂಡತಿ ಜ್ಞಾನದಾನಂದಿನಿ. ಮಕ್ಕಳು ಸುರೇಂದ್ರ ಮತ್ತು ಇಂದಿರಾ, ಒಬ್ಬ 1872ರಲ್ಲಿ ಹುಟ್ಟಿದವನು, ಇನ್ನೊಬ್ಬಳು 1873ರ ಕೊನೆಗೆ. ಇದು ಆ ಮನೆ. ಅಲ್ಲಿಗೆ ಬಂದ ‘ಸದರ್ ಸ್ಟ್ರೀಟ್ ತಂಡ’ವೆಂದರೆ ಕಲ್ಕತ್ತೆಯ ಸದರ್ ಸ್ಟ್ರೀಟಿನಲ್ಲಿ ಒಂದು ಮನೆ ಹಿಡಿದು ಕೂಡಿ ಇದ್ದವರು. ಐದನೆಯ ಅಣ್ಣ ಜ್ಯೋತಿರಿಂದ್ರನಾಥ, ಅವರ ಹೆಂಡತಿ ಕಾದಂಬರಿ ದೇವಿ, ಇವರಿಬ್ಬರ ಬಾಲಂಗೋಚಿಯಂತಿದ್ದ ಕಿರಿಯ ತಮ್ಮ ರವಿ. (ಕನ್ನಡಿಗರಿಗೆ ಕಾದಂಬರಿ ಎಂದರೆ ನಾವೆಲ್ಲು. ಬಂಗಾಳಿಗರಿಗೆ ಅದು ಬಾಣಭಟ್ಟನ ನಾಯಿಕೆಯ ಹೆಸರು.)

ಜ್ಯೋತಿರಿಂದ್ರರು ನಾಟಕಕಾರ, ಪಿಯಾನೋ ನುಡಿಸುವವರು, ಚಿತ್ರ ಬರೆಯುವವರು. ಕೈ ಹಾಕದ ಕೆಲಸವಿಲ್ಲ. ಬಹಳ ವರ್ಷಗಳ ಮೇಲೆ ತಿಲಕರ ‘ಗೀತಾರಹಸ್ಯ’ವನ್ನು ಮರಾಠಿಯಿಂದ ಬಂಗಾಳಿಗೆ ತಂದವರೂ ಇವರೇ. ಹೆಂಡತಿಗೆ ಕುದುರೆ ಸವಾರಿ ಕಲಿಸಿ ಕಲ್ಕತ್ತೆಯ ಮೈದಾನದಲ್ಲಿ ಜೊತೆಯಾಗಿ ಸವಾರಿ ಹೊರಟರೆಂದು ಊರೆಲ್ಲ ಬಾಯಿಗೆ ಬೆರಳಿಟ್ಟಿತ್ತು. ಕಾದಂಬರಿ ದೇವಿ ಮದುವೆಯಾಗಿ ಬಂದದ್ದು 1868ರಲ್ಲಿ, ಒಂಬತ್ತರ ಹುಡುಗಿ. ರವಿಗಿಂತ ಎರಡು ವರ್ಷವಷ್ಟೇ ದೊಡ್ಡವರು. ಮನೆಯಲ್ಲಿ ಆಟಕ್ಕೆ ಜೊತೆಗಾತಿ, ಬರೆದ ಪದ್ಯಕ್ಕೆ ಮೊದಲ ಕಿವಿ, ಮೊದಲ ಟೀಕೆ. ಈ ಮೂವರು ನೀರಿನ ಬದಿಗೆ ಹೋಗಿ ಕೂಡಿ ಇರುವುದು ಕಾರವಾರಕ್ಕೂ ಮೊದಲೇ ನಡೆದಿತ್ತು. ಚಂದನನಗರದಲ್ಲಿ ಗಂಗೆಯ ದಡದ ಒಂದು ತೋಟದ ಮನೆಯಲ್ಲಿ 1881ರಲ್ಲಿ ಕಳೆದ ದಿನಗಳನ್ನೂ ‘ಜೀವನಸ್ಮೃತಿ’ ನೆನೆಯುತ್ತದೆ.

ಆದರೆ ಈ ಕತೆಯಲ್ಲಿ ನಾವು ಸ್ವಲ್ಪ ಹೊತ್ತು ನಿಂತು ನೋಡಬೇಕಾದವರು ಜ್ಞಾನದಾನಂದಿನಿ. ಕಾರವಾರದ ಬಂಗಲೆಯಂಥ ಒಂದು ಮನೆ, ಅಲ್ಲಿಗೆ ಮೈದುನ ವಾರಗಿತ್ತಿಯರು ಬಂದು ಹೋಗುವ ಒಂದು ಪದ್ಧತಿ, ಇದು ತಾನಾಗಿ ಹುಟ್ಟಿದ್ದಲ್ಲ. ಹುಟ್ಟಿಸಿದವರು ಅವರು.

ಜೋಡಾಸಾಂಕೋದ ಹೆಂಗಸರು ಹೊರಗೆ ಕಾಲಿಡುತ್ತಿರಲಿಲ್ಲ. ಗಂಗಾಸ್ನಾನಕ್ಕೆ ಹೋದರೆ ಮುಚ್ಚಿದ ಪಲ್ಲಕ್ಕಿಯಲ್ಲಿ ಕೂರಿಸಿ, ಪಲ್ಲಕ್ಕಿಯ ಸಮೇತ ನೀರಿನಲ್ಲಿ ಅದ್ದಿ ತೆಗೆಯುತ್ತಿದ್ದರಂತೆ. ಓದಿ ನಗು ಬರುತ್ತದೆ, ಮರುಕ್ಷಣ ಉಸಿರು ಕಟ್ಟುತ್ತದೆ. ಸತ್ಯೇಂದ್ರನಾಥರು ಕೆಲಸದ ಮೇಲೆ ಮುಂಬಯಿಗೆ ಹೊರಟು ಹೆಂಡತಿಯನ್ನು ಕರೆದೊಯ್ಯುತ್ತೇನೆಂದಾಗ ಮನೆಯಲ್ಲಿ ದೊಡ್ಡ ಗೊಂದಲವೇ ಆಯಿತು. ಎಲ್ಲರೆದುರು ಗಾಡಿ ಹತ್ತುವುದಕ್ಕೆ ತಂದೆಯ ಒಪ್ಪಿಗೆ ಸಿಗಲಿಲ್ಲ, ಪಲ್ಲಕ್ಕಿಯಲ್ಲೇ ಹಡಗಿನವರೆಗೆ ಹೋಗಬೇಕಾಯಿತು. ಇನ್ನೊಂದು ತೊಡಕು ಉಡುಪಿನದು. ಒಳಮನೆಯಲ್ಲಿ ಬಂಗಾಳಿ ಹೆಂಗಸರು ಉಡುತ್ತಿದ್ದದ್ದು ಒಂದೇ ತೆಳು ಸೀರೆ; ಅದನ್ನುಟ್ಟು ಹೊರಗೆ ನಾಲ್ಕು ಜನರ ನಡುವೆ ನಿಲ್ಲುವಂತಿಲ್ಲ. ಮುಂಬಯಿಯಲ್ಲಿ ಪಾರ್ಸಿ ಹೆಂಗಸರನ್ನು ನೋಡಿ ಜ್ಞಾನದಾನಂದಿನಿ ಅದನ್ನು ತಮಗೆ ಒಗ್ಗಿಸಿಕೊಂಡರು. ರವಿಕೆ, ಒಳಲಂಗ, ನೆರಿಗೆ ಹಿಡಿದು ಸೆರಗನ್ನು ಎಡಹೆಗಲ ಮೇಲೆ ಹಾಕುವುದು. ಬ್ರಾಹ್ಮಸಮಾಜದ ಮನೆಗಳಲ್ಲಿ ಮೊದಲು ಹಬ್ಬಿದ್ದರಿಂದ ಅದಕ್ಕೆ ‘ಬ್ರಾಹ್ಮಿಕಾ ಸೀರೆ’ ಎಂಬ ಹೆಸರು ಬಿತ್ತು. ಹೊರಗೆ ಹೋಗಲು ಬೇಕಾದ ಧೈರ್ಯದ ಬಗ್ಗೆ ಭಾಷಣ ಮಾಡುವವರು ಬಹಳ. ಹೊರಗೆ ಹೋಗಲು ಬೇಕಾದ ಬಟ್ಟೆಯ ಬಗ್ಗೆ ಯೋಚಿಸಿದವರು ಇವರು.

1877ರಲ್ಲಿ ಇನ್ನೂ ದೊಡ್ಡ ಹೆಜ್ಜೆ. ಗಂಡ ಜೊತೆಗಿಲ್ಲದೆ, ಸಣ್ಣ ಮಕ್ಕಳನ್ನು ಕಟ್ಟಿಕೊಂಡು ಆಕೆ ಇಂಗ್ಲೆಂಡಿಗೆ ಹಡಗು ಹತ್ತಿದರು. ಕೆಲಕಾಲದ ಮೇಲೆ ಮನೆ ಮಾಡಿದ್ದು ಕಡಲ ಬದಿಯಲ್ಲಿ, ಬ್ರೈಟನ್ನಿಗೆ ಅಂಟಿಕೊಂಡಿರುವ ಹೋವ್‌ನ ಮೆದೀನಾ ವಿಲ್ಲಾಸ್ ಎಂಬ ಬೀದಿಯಲ್ಲಿ. ನಮ್ಮವರು ಬ್ಯಾಂಕ್ ಹಾಲಿಡೇ ದಿನ ಚಿತ್ರಾನ್ನದ ಡಬ್ಬಿ ಹಿಡಿದು ಹೋಗುವ ಅದೇ ಬ್ರೈಟನ್! ಕಡಲ ನೀರು ಔಷಧಿ ಎಂದು ಡಾಕ್ಟರ್ ರಿಚರ್ಡ್ ರಸೆಲ್ 1750ರಲ್ಲಿ ಪುಸ್ತಕ ಬರೆದು ರೋಗಿಗಳನ್ನು ಅಲ್ಲಿಗೆ ಕಳಿಸತೊಡಗಿದ್ದ. ಆಮೇಲೆ ರಾಜಕುಮಾರ ಬಂದ, 1841ರಲ್ಲಿ ಲಂಡನ್ನಿನಿಂದ ರೈಲು ಬಂತು. ಜ್ಞಾನದಾನಂದಿನಿ ಅಲ್ಲಿದ್ದ ಹೊತ್ತಿಗೆ ಕಡಲಿಗೆ ಹೋಗುವುದು ರೋಗಿಗಳ ಕೆಲಸವಾಗಿ ಉಳಿದಿರಲಿಲ್ಲ. ಸಂಸಾರ ಸಮೇತ ಹೋಗುವ ರೂಢಿಯಾಗಿತ್ತು.

1878ರಲ್ಲಿ ಸತ್ಯೇಂದ್ರನಾಥರು ರಜೆ ಪಡೆದು ಹೆಂಡತಿ ಮಕ್ಕಳನ್ನು ಕೂಡಿಕೊಳ್ಳಲು ಹೊರಟಾಗ ಹದಿನೇಳರ ರವಿಯನ್ನೂ ಕರೆತಂದರು. ಬ್ಯಾರಿಸ್ಟರ್ ಮಾಡಬೇಕೆಂಬ ಲೆಕ್ಕ. ಅದು ಆಗಲಿಲ್ಲ, ಲೋಕಕ್ಕೆ ಒಳ್ಳೆಯದೇ ಆಯಿತು ಅನ್ನಿ. ಇಂಗ್ಲೆಂಡಿನಲ್ಲಿ ರವಿ ಮೊದಲು ಇದ್ದದ್ದು ಈ ಅತ್ತಿಗೆಯ ಮನೆಯಲ್ಲಿ, ಸುರೇನ್ ಮತ್ತು ಇಂದಿರಾರ ಆಟದ ಜೊತೆಗಾರನಾಗಿ. ಆಮೇಲೆ ಲಂಡನ್ನಿಗೆ ಹೋಗಿ ಬಾಡಿಗೆ ಕೋಣೆಯಲ್ಲಿ ಒಂಟಿಯಾಗಿ ಬೇಸತ್ತಿದ್ದಾಗ ಅತ್ತಿಗೆ ಡೆವನ್ನಿನ ಟಾರ್ಕೀಗೆ ಕರೆಸಿಕೊಂಡರು. ಗುಡ್ಡ, ಹೂವಿನ ಹುಲ್ಲುಗಾವಲು, ಪೈನ್ ಮರಗಳ ನೆರಳು, ಜೊತೆಗೆ ಎರಡು ತುಂಟ ಮಕ್ಕಳು. ಅಲ್ಲಿ ಕಡಲ ಮೇಲಕ್ಕೆ ಚಾಚಿದ ಬಂಡೆಯೊಂದರ ಮೇಲೆ ಕುಳಿತು, ಕವಿಯಾದವನು ಇಂಥ ಜಾಗದಲ್ಲಿ ಏನಾದರೂ ಬರೆಯಲೇಬೇಕೆಂದು ಹಟಹಿಡಿದು ಒಂದು ಪದ್ಯ ಬರೆದರು. ಅದರ ಹೆಸರೇ ‘ಮಗ್ನತರಿ’, ಮುಳುಗಿದ ದೋಣಿ! ಅದು ನಿಜವಾಗಿ ಮುಳುಗಿಯೇ ಹೋಗಿದ್ದರೆ ಚೆನ್ನಾಗಿತ್ತೆಂದು ಐವತ್ತರ ವಯಸ್ಸಿನಲ್ಲಿ ತಮ್ಮನ್ನೇ ಗೇಲಿ ಮಾಡಿಕೊಳ್ಳುತ್ತಾರೆ.

ಹೋವ್, ಟಾರ್ಕೀ, ಆಮೇಲೆ ಕಾರವಾರ. ಮೂರೂ ಕಡೆ ಅದೇ ಮೈದುನ, ಅದೇ ಅತ್ತಿಗೆಯ ಮನೆ. ಕಡಲ ಬದಿಯ ಸಂಸಾರವೆಂಬ ಈ ಇಂಗ್ಲಿಷ್ ರೂಢಿಯನ್ನು ಮಡಚಿ ಪೆಟ್ಟಿಗೆಯಲ್ಲಿಟ್ಟು ಅರಬ್ಬಿ ಕಡಲಿನ ದಡಕ್ಕೆ ತಂದವರು ಸತ್ಯೇಂದ್ರ–ಜ್ಞಾನದಾನಂದಿನಿ ದಂಪತಿ ಎಂದು ನಮಗನ್ನಿಸುತ್ತದೆ. ಟಾಗೋರರ ಹೆಸರಿನ ತೀರದಲ್ಲಿ ಈ ಅತ್ತಿಗೆಯ ಹೆಸರನ್ನೂ ಒಂದು ಸಲವಾದರೂ ಹೇಳುವುದು ನ್ಯಾಯ.

ಆದರೆ ಬಂಗಾಳಿ ನ್ಯಾಯಾಧೀಶರೊಬ್ಬರು ಕಾರವಾರಕ್ಕೇ ಏಕೆ ಬಂದರು? ಇಲ್ಲಿ ಒಂದು ಸ್ವಾರಸ್ಯವಿದೆ. ಇಪ್ಪತ್ತೆರಡು ವರ್ಷ ಹಿಂದಾಗಿದ್ದರೆ ಅವರು ಬರುವಂತೆಯೇ ಇರಲಿಲ್ಲ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕೆನರಾ ಜಿಲ್ಲೆ ಮದ್ರಾಸ್ ಪ್ರಾಂತಕ್ಕೆ ಸೇರಿತ್ತು. ಅದನ್ನು ಉತ್ತರ, ದಕ್ಷಿಣ ಎಂದು ಸೀಳಿ, 1862ರಲ್ಲಿ ಉತ್ತರದ ಭಾಗವನ್ನು ಮುಂಬಯಿಗೆ ಕೊಟ್ಟರು. ಕಾರಣ ಹತ್ತಿ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಲ್ಯಾಂಕಾಶೈರಿನ ಗಿರಣಿಗಳಿಗೆ ಹತ್ತಿ ನಿಂತಿತು. ಮ್ಯಾಂಚೆಸ್ಟರಿನ ವ್ಯಾಪಾರಿಗಳ ಕಣ್ಣು ಧಾರವಾಡದ ಹತ್ತಿಯ ಮೇಲೆ ಬಿತ್ತು. ಅಮೆರಿಕದ ಬೀಜ ತಂದು ಬೆಳೆಸಿದ ‘ಧಾರವಾರ್ ಅಮೆರಿಕನ್’ ಎಂಬ ತಳಿ ಆಗಲೇ ಅಲ್ಲಿ ನೆಲೆಯೂರಿತ್ತು. ಬೆಳೆಯುವ ಧಾರವಾಡ ಮುಂಬಯಿ ಪ್ರಾಂತದಲ್ಲಿ, ಸಾಗಿಸಬೇಕಾದ ಬಂದರು ಮದ್ರಾಸ್ ಪ್ರಾಂತದಲ್ಲಿ. ಎರಡು ಸರಕಾರಗಳ ಮಧ್ಯೆ ಘಟ್ಟದ ರಸ್ತೆ ಮುಂದೆ ಸಾಗುತ್ತಿರಲಿಲ್ಲ. ಗೆರೆ ಅಳಿಸಿ ಜಿಲ್ಲೆಯನ್ನೇ ಈಚೆಗೆ ಎಳೆದುಕೊಂಡರು. ಕಾರವಾರ ಜಿಲ್ಲಾಕೇಂದ್ರವಾಯಿತು, ಕಚೇರಿ, ಕೋರ್ಟು, ಬಂಗಲೆಗಳು ಎದ್ದವು.

ಆದರೆ ಎಣಿಸಿದ್ದು ಆಗಲಿಲ್ಲ. ಮ್ಯಾಂಚೆಸ್ಟರಿನ ಕಂಪನಿಯೊಂದು ಹತ್ತಿ ಒತ್ತುವ ಯಂತ್ರಗಳನ್ನು ಕಾಳಿ ನದಿಯ ಬಾಯಿಗೆ ಕಳಿಸಿಯೂ ಬಿಟ್ಟಿತು; ಯಂತ್ರ ಬಂದಿಳಿದಾಗ ಘಟ್ಟದಿಂದ ಹತ್ತಿ ತರುವ ರಸ್ತೆ ಸಿದ್ಧವಿರಲಿಲ್ಲ. 1865ರಲ್ಲಿ ಅಮೆರಿಕದ ಯುದ್ಧ ಮುಗಿದು ಹತ್ತಿಯ ಬೆಲೆ ಕುಸಿಯಿತು. ಕಾರವಾರಕ್ಕೆ ಬರುತ್ತದೆಂದು ಕಾದ ರೈಲು 1880ರ ದಶಕದ ಕೊನೆಗೆ ಗೋವೆಯ ಮೊರ್ಮುಗೋವಿಗೆ ಇಳಿಯಿತು. ಕಾರವಾರ ರೈಲು ಕಂಡದ್ದು ಕೊಂಕಣ ರೈಲ್ವೆ ಬಂದ ಮೇಲೆ, 1990ರ ದಶಕದಲ್ಲಿ. ಹೀಗಾಗಿ 1883ರ ಕಾರವಾರವೆಂದರೆ ದೊಡ್ಡ ಬಂದರಾಗಲೆಂದು ಅಣಿಮಾಡಿ ಅರ್ಧಕ್ಕೇ ಕೈಬಿಟ್ಟ ಊರು. ಟಾಗೋರರು ಬರೆದ ಒಂದು ಮಾತು ಈ ಹಿನ್ನೆಲೆಯಲ್ಲಿ ಬೇರೆಯಾಗಿಯೇ ಕೇಳಿಸುತ್ತದೆ. ಗುಡ್ಡಗಳು ಸುತ್ತುವರಿದ ಈ ಪುಟ್ಟ ಬಂದರು ಎಷ್ಟು ನಿಭೃತವಾಗಿದೆಯೆಂದರೆ ನಗರದ ಲಕ್ಷಣವೇ ಇಲ್ಲಿ ತೋರುವುದಿಲ್ಲ ಎನ್ನುತ್ತಾರೆ ಅವರು. ಕವಿಗೆ ಏಕಾಂತವಾಗಿ ಕಂಡದ್ದು ಮ್ಯಾಂಚೆಸ್ಟರಿನ ಮುರಿದುಬಿದ್ದ ವ್ಯಾಪಾರ! ಮುಂಬಯಿ ಸರಕಾರದ ಕೆನರಾ ಗೆಜೆಟಿಯರ್ ಎರಡು ಭಾಗಗಳಲ್ಲಿ ಅಚ್ಚಾದದ್ದೂ ಅದೇ 1883ರಲ್ಲಿ. ಸರಕಾರ ಆ ಜಿಲ್ಲೆಯ ಬೆಳೆ, ಬಂದರು, ಜಾತಿ, ಜನರನ್ನೆಲ್ಲ ಎಣಿಸಿ ಮುಗಿಸಿದ ವರ್ಷವೇ ಈ ಸಂಸಾರ ಅಲ್ಲಿ ಮರಳಿನ ಮೇಲೆ ಅಡ್ಡಾಡುತ್ತಿತ್ತು.

ಅದು ಇಲ್ಬರ್ಟ್ ಮಸೂದೆಯ ವರ್ಷವೂ ಹೌದು. ಜಿಲ್ಲೆಗಳಲ್ಲಿ ಭಾರತೀಯ ನ್ಯಾಯಾಧೀಶರು ಬಿಳಿಯ ಆರೋಪಿಯನ್ನು ವಿಚಾರಣೆ ಮಾಡುವಂತಿರಲಿಲ್ಲ. ಆ ಭೇದ ತೆಗೆಯಬೇಕೆಂದು 1883ರ ಫೆಬ್ರವರಿಯಲ್ಲಿ ಮಸೂದೆ ಬಂತು. ಕಲ್ಕತ್ತೆಯ ಬಿಳಿಯರು ಬೀದಿಗಿಳಿದು ಕೂಗಾಡಿದರು. ಐ.ಸಿ.ಎಸ್.ನ ಮೊದಲ ಭಾರತೀಯರೇ ನಮ್ಮ ಕಾರವಾರದ ಜಡ್ಜ್ ಸಾಹೇಬರು. ಇಪ್ಪತ್ತು ವರ್ಷದ ಸೇವೆ ಆಗುತ್ತ ಬಂದಿತ್ತು. ಆದರೂ ಅವರದೇ ಊರಿನಲ್ಲಿ ಒಬ್ಬ ಬಿಳಿಯ ನಾವಿಕ ಕುಡಿದು ಯಾರನ್ನಾದರೂ ಹೊಡೆದು ಹಾಕಿದರೆ ಅವನನ್ನು ಕಟಕಟೆಗೆ ನಿಲ್ಲಿಸುವ ಅಧಿಕಾರ ಅವರಿಗಿಲ್ಲ. 1884ರ ಜನವರಿಯಲ್ಲಿ ಕಾನೂನು ಆಯಿತು, ಅದೂ ಬಿಳಿಯ ಆರೋಪಿ ಕೇಳಿದರೆ ಅರ್ಧದಷ್ಟಾದರೂ ಬಿಳಿಯರಿರುವ ಜ್ಯೂರಿ ಕೊಡಬೇಕೆಂಬ ರಿಯಾಯಿತಿಯೊಡನೆ. ‘ಜೀವನಸ್ಮೃತಿ’ಯ ಕಾರವಾರದಲ್ಲಿ ಇದರ ಸುಳಿವಿಲ್ಲ. ರಜೆಯ ನೆನಪಿನಲ್ಲಿ ಕೋರ್ಟಿನ ಸುದ್ದಿ ಏಕೆ ಎಂದಿರಬಹುದು. ಆದರೆ ಆ ಮನೆಯ ಊಟದ ಮೇಜಿನ ಬಳಿ ಇದು ಮಾತಿಗೆ ಬಾರದೆ ಇದ್ದೀತೆಂದು ನಂಬುವುದು ನಮಗೆ ಕಷ್ಟ.

ಇನ್ನು ಆ ಬೆಳದಿಂಗಳ ರಾತ್ರಿ. ಅರ್ಧಚಂದ್ರದಂತೆ ಬಾಗಿದ ತೀರ, ಅಗಲವಾದ ಮರಳು, ಅದರ ಅಂಚಿಗೆ ಗಾಳಿಮರಗಳ ಕಾಡು, ಒಂದು ತುದಿಯಲ್ಲಿ ಗುಡ್ಡಗಳ ನಡುವಿನಿಂದ ಬಂದು ಕಡಲು ಸೇರುವ ಕಾಳಿ. (ಟಾಗೋರರು ಅದನ್ನು ‘ಕಾಳಾನದಿ’ ಎನ್ನುತ್ತಾರೆ.) ಒಂದು ಸಂಜೆ ಎಲ್ಲರೂ ಸಣ್ಣ ದೋಣಿಯಲ್ಲಿ ನದಿಯ ಮೇಲ್ಗಡೆಗೆ ಹೋದರು. ಶಿವಾಜಿಯ ಹಳೆಯ ಗಿರಿದುರ್ಗವೊಂದರ ಕೆಳಗೆ ಇಳಿದರೆಂದು ಟಾಗೋರರ ನೆನಪು. ಶಿವಾಜಿ 1665ರಲ್ಲಿ ಈ ಕರಾವಳಿಗೆ ಬಂದದ್ದು, ಕಾರವಾರದ ಇಂಗ್ಲಿಷ್ ಕೋಠಿಯವರಿಂದ ಕಪ್ಪ ಕಿತ್ತದ್ದು ನಿಜ. ಆದರೆ ಆ ಹೊಳೆಯ ಬಾಯಿಯಲ್ಲಿ ನಿಂತಿರುವ ಪ್ರಸಿದ್ಧ ಕೋಟೆ ಸದಾಶಿವಗಡ, ಅದು ಸೋಂದೆಯ ಅರಸರದು. ಕವಿ ಕೋಟೆಯ ಹೆಸರು ಹೇಳುವುದಿಲ್ಲ. ಮರಾಠಿ ಬಲ್ಲ ಅಣ್ಣನ ಮನೆಯಲ್ಲಿ ಯಾವ ಹಳೆಯ ಕೋಟೆಯೂ ಶಿವಾಜಿಯದೇ ಆಗಿಬಿಡುವುದು ಸಹಜ ಅನ್ನಿ.

ಅಲ್ಲಿ ಒಬ್ಬ ರೈತನ ಮನೆಯ ಚೊಕ್ಕಟವಾಗಿ ಗುಡಿಸಿದ ಅಂಗಳ. ಬೆಳದಿಂಗಳು ಓರೆಯಾಗಿ ಬಿದ್ದ ಕಡೆ ಕುಳಿತು, ತಂದಿದ್ದ ಬುತ್ತಿ ಬಿಚ್ಚಿ ಉಂಡರು. ಮರಳುವಾಗ ದೋಣಿಯನ್ನು ಹೊಳೆಯ ಓಟಕ್ಕೇ ಬಿಟ್ಟರು. ಬಾಯಿ ತಲುಪುವಾಗ ಬಹಳ ಹೊತ್ತಾಗಿತ್ತು. ದೋಣಿ ಇಳಿದು ಮರಳಿನ ಮೇಲೆ ನಡೆದೇ ಮನೆ ಸೇರಿದರು. ಕಡಲಿನಲ್ಲಿ ಅಲೆಯಿಲ್ಲ, ಗಾಳಿಮರಗಳ ಪಿಸುಮಾತೂ ನಿಂತಿತ್ತು. ಇಷ್ಟೇ ನಡೆದದ್ದು. ನೂರನಲವತ್ತು ವರ್ಷಗಳ ಮೇಲೂ ಓದಿದರೆ ಆ ಮೌನ ತಟ್ಟುತ್ತದೆ.

ಆದರೂ ಈ ಪುಟವನ್ನು ಕನ್ನಡಿಗರಾಗಿ ಓದುವಾಗ ನಾವು ಆ ಅಂಗಳದ ಬಳಿಯೇ ನಿಂತುಬಿಡುತ್ತೇವೆ. ಯಾರದು ಆ ಮನೆ? ಸಂಜೆ ಹೊತ್ತು ಅಂಗಳ ಗುಡಿಸಿದ ಹೆಂಗಸು ಯಾರು? ಜಡ್ಜ್ ಸಾಹೇಬರ ಮನೆಯವರು ಅಂತ ಒಳಗಿನವರು ಬಾಗಿಲ ಸಂದಿಯಿಂದ ನೋಡಿದರೋ, ನೀರು ಬೆಲ್ಲ ತಂದಿಟ್ಟರೋ? ಯಾವ ಭಾಷೆಯಲ್ಲಿ ಮಾತಾಯಿತು? ಆ ಊರಿನಲ್ಲಿ ಕೊಂಕಣಿ, ಕನ್ನಡ, ಮರಾಠಿ ಮೂರೂ ಓಡಾಡುವ ಭಾಷೆಗಳು, ಬಂದವರದು ಬಂಗಾಳಿ. ಕಾರವಾರದ ಅಧ್ಯಾಯದಲ್ಲಿ ಕನ್ನಡವೆಂಬ ಭಾಷೆಯ ಸೊಲ್ಲಿಲ್ಲ. ಸಂಸ್ಕೃತ ಕಾವ್ಯದ ಮಲಯಾಚಲ, ಏಲಕ್ಕಿ ಬಳ್ಳಿ, ಚಂದನದ ಮರ ಇವೆ. ಅಂದರೆ ಕವಿ ಬಂದದ್ದು ಕಾಳಿದಾಸನ ನಾಡಿಗೆ, ನಮ್ಮ ನಾಡಿಗಲ್ಲ. ಟಾಗೋರರು ಬಂದರೆಂದು ನಾವು ಹೆಮ್ಮೆ ಪಡುತ್ತೇವೆ, ಪಡಬೇಕಾದ್ದೇ. ಅವರ ಪುಟದಲ್ಲಿ ಮಾತ್ರ ನಾವು ಇರುವುದು ಒಂದು ಗುಡಿಸಿದ ಅಂಗಳವಾಗಿ. ದೂರಿ ಹೇಳುತ್ತಿಲ್ಲ. ನಾವು ಕಾರ್ನ್‌ವಾಲಿಗೋ ವೇಲ್ಸಿಗೋ ಹೋಗಿ ಬಂದು ಬರೆಯುವ ಪ್ರವಾಸಕಥನಗಳಲ್ಲಿ ಅಲ್ಲಿಯ ಮೀನುಗಾರನ ಹೆಸರು ಎಷ್ಟು ಸಲ ಇರುತ್ತದೆ ಹೇಳಿ?

ಕಾರವಾರದಲ್ಲಿ ಬರೆದ ನಾಟಕ ‘ಪ್ರಕೃತಿರ್ 'ಪ್ರತಿಶೋಧ್’, ಪ್ರಕೃತಿಯ ಸೇಡು. ಸನ್ಯಾಸಿಯೊಬ್ಬ ಸ್ನೇಹ, ಮೋಹಗಳ ಕಟ್ಟನ್ನೆಲ್ಲ ಹರಿದೊಗೆದು ಅನಂತವನ್ನು ಹಿಡಿಯಲು ಹೊರಡುತ್ತಾನೆ. ಒಬ್ಬ ಅನಾಥ ಹುಡುಗಿ ಅವನನ್ನು ತನ್ನ ಪ್ರೀತಿಯಿಂದ ಮತ್ತೆ ಲೋಕಕ್ಕೆ ಎಳೆದು ತರುತ್ತಾಳೆ. ಸೀಮೆಯ ಒಳಗೇ ಅಸೀಮವನ್ನು ಕಾಣುವುದು ತಮ್ಮ ಮುಂದಿನ ಎಲ್ಲ ಬರವಣಿಗೆಯ ತಿರುಳು, ಈ ನಾಟಕ ಅದಕ್ಕೆ ಮುನ್ನುಡಿ ಎಂದು ಟಾಗೋರರೇ ಹೇಳಿಕೊಂಡಿದ್ದಾರೆ. ವಿಮರ್ಶಕರು ಇದಕ್ಕೆ ಉಪನಿಷತ್ತನ್ನೂ ಬ್ರಾಹ್ಮಸಮಾಜವನ್ನೂ ತರುತ್ತಾರೆ. ತರಲಿ. ನಮಗೆ ಕಾಣುವುದು ಸರಳವಾದದ್ದು. ಹಿಂದಿನ ವರ್ಷ ಇದೇ ತಂಡದ ಜೊತೆ ಡಾರ್ಜಿಲಿಂಗಿಗೆ ಹೋಗಿ, ಸದರ್ ಸ್ಟ್ರೀಟಿನ ಬೆಳಗಿನಲ್ಲಿ ಕಂಡದ್ದನ್ನು ಹಿಮಾಲಯದಲ್ಲಿ ಇನ್ನೂ ದೊಡ್ಡದಾಗಿ ಕಾಣಬಹುದೆಂದು ಹುಡುಕಿ ಬರಿಗೈಲಿ ಮರಳಿದ್ದರು. ಕಾರವಾರದಲ್ಲಿ ಸಿಕ್ಕದ್ದು ಮನೆತುಂಬ ಜನ. ಪಿಯಾನೋ ಬಲ್ಲ ಅಣ್ಣ, ಪದ್ಯ ಕೇಳುವ ಅತ್ತಿಗೆ, ಊಟಕ್ಕೆ ಕರೆಯುವ ಇನ್ನೊಬ್ಬ ಅತ್ತಿಗೆ, ಕೈ ಹಿಡಿದೆಳೆಯುವ ವಯಸ್ಸಿನ ಅಣ್ಣನ ಮಕ್ಕಳು. ಕಟ್ಟು ಹರಿದುಕೊಂಡವನು ಸೋಲುವ ನಾಟಕ ಹುಟ್ಟಿದ್ದು ಇಂಥ ಮನೆಯಲ್ಲಿ. ಒಂಟಿ ಕವಿಯ ಚಿತ್ರವನ್ನು ನಾವು ಒಪ್ಪದಿರುವುದು ಇದಕ್ಕೇ. ಅಲ್ಲಿ ಕುಳಿತು ಬರೆದವನ ಬೆನ್ನ ಹಿಂದೆ ಒಂದು ಮನೆಯ ಗದ್ದಲವಿತ್ತು.

ಮರಳುವಾಗ ಹಡಗಿನ ಡೆಕ್ಕಿನ ಮೇಲೆ ಕುಳಿತು ನಾಟಕಕ್ಕೆ ಕೆಲವು ಹಾಡು ಕಟ್ಟಿದರು, ಹಾಡುತ್ತಲೇ ಬರೆದರು. ಅದರ ಖುಷಿಯನ್ನು ನೆನೆದ ಮೇಲೆ ಮುಂದಿನ ಮಾತು ಬಹಳ ಚಿಕ್ಕದು: ಕಾರವಾರದಿಂದ ಬಂದ ಸ್ವಲ್ಪ ದಿನಕ್ಕೆ ಮದುವೆಯಾಯಿತು, ಆಗ ನನಗೆ ಇಪ್ಪತ್ತೆರಡು. ಅಷ್ಟೇ. 1883ರ ಡಿಸೆಂಬರ್ 9. ಹೆಣ್ಣು ನೋಡಲು ಜೆಸ್ಸೋರಿಗೆ ಹೋದವರಲ್ಲಿ ಇಬ್ಬರು ಅತ್ತಿಗೆಯರೂ ಇದ್ದರು. ಸಿಕ್ಕಿದ್ದು ಟಾಗೋರರ ಜಮೀನ್ದಾರಿಯ ನೌಕರರೊಬ್ಬರ ಮಗಳು, ಹತ್ತರ ಹತ್ತಿರದ ಭವತಾರಿಣಿ. ಗಂಡನ ಮನೆಯವರು ಅವಳನ್ನು ಮೃಣಾಲಿನಿ ಎಂದು ಕರೆದರು. ಅವಳನ್ನು ಮನೆಯಲ್ಲಿಟ್ಟುಕೊಂಡು, ಇಂಗ್ಲಿಷ್ ಶಾಲೆಗೆ ಕಳಿಸಿ ಬೆಳೆಸಿದವರು ಮತ್ತೆ ಜ್ಞಾನದಾನಂದಿನಿಯೇ.

ಮದುವೆಯಾಗಿ ನಾಲ್ಕು ತಿಂಗಳು ಕಳೆದಿತ್ತಷ್ಟೇ. 1884ರ ಏಪ್ರಿಲಿನಲ್ಲಿ ಕಾದಂಬರಿ ದೇವಿ ತಾವಾಗಿ ಪ್ರಾಣ ಕಳೆದುಕೊಂಡರು. ಇಪ್ಪತ್ತೈದು ವರ್ಷ ತುಂಬಿರಲಿಲ್ಲ. ಏಕೆ ಎಂಬುದರ ಬಗ್ಗೆ ಬಂಗಾಳಿಯಲ್ಲಿ ಪುಸ್ತಕ, ಸಿನಿಮಾಗಳೆಲ್ಲ ಬಂದಿವೆ. ಆ ರಾಶಿಗೆ ನಮ್ಮದೊಂದು ಊಹೆ ಸೇರಿಸುವ ಆಸೆ ನಮಗಿಲ್ಲ. ಜ್ಯೋತಿರಿಂದ್ರರು ಇಂಗ್ಲಿಷ್ ಕಂಪನಿಯ ಎದುರು ಸ್ವದೇಶೀ ಸ್ಟೀಮರುಗಳನ್ನು ಓಡಿಸಹೊರಟು ಕೈಸುಟ್ಟುಕೊಂಡದ್ದೂ ಆ ವರ್ಷವೇ ಶುರುವಾದ ಕತೆ. ಸದರ್ ಸ್ಟ್ರೀಟ್ ತಂಡ ಮತ್ತೆ ಕೂಡಲಿಲ್ಲ.

‘ಜೀವನಸ್ಮೃತಿ’ ಪುಸ್ತಕವಾದದ್ದು 1912ರಲ್ಲಿ, ಟಾಗೋರರಿಗೆ ಐವತ್ತು ದಾಟಿದ ಮೇಲೆ. ಕಾರವಾರದ ಅಧ್ಯಾಯದಲ್ಲಿ ಕಾದಂಬರಿ ದೇವಿಯ ಹೆಸರಿಲ್ಲ, ಮುಂದೆ ಬರುವ ಮೃತ್ಯುಶೋಕದ ಅಧ್ಯಾಯದಲ್ಲೂ ಇಲ್ಲ. ಇರುವುದು ‘ನಾವು’, ‘ನಮ್ಮ ತಂಡ’. ಬೆಳದಿಂಗಳ ಮರಳಿನ ಮೇಲೆ ನಡೆದು ಬಂದ ಆ ರಾತ್ರಿಯೇ ಒಂದು ಪದ್ಯ ಬರೆದಿದ್ದರು. ಭಾವದ ಬಿಸಿಯಲ್ಲೇ ಬರೆದದ್ದು ಒಳ್ಳೆಯ ಪದ್ಯವಾಗುವುದಿಲ್ಲ, ನೆನಪಿನಲ್ಲಿ ಇಳಿದು ತಿಳಿಯಾಗಬೇಕು ಎಂಬುದು ಅವರದೇ ವಿವೇಚನೆ. ಮೋಹಿತಚಂದ್ರ ಸೇನರು ಸಂಪಾದಿಸಿದ ಕಾವ್ಯಸಂಪುಟದಿಂದ ಆ ಪದ್ಯವನ್ನು ಕೈಬಿಡಲಾಗಿತ್ತು. ಆದರೂ ಆ ದೂರದ ಕಡಲ ದಡದ ರಾತ್ರಿಯೊಡನೆ ಅದು ಹೆಣೆದುಕೊಂಡಿರುವುದರಿಂದ ನೆನಪಿನ ಪುಸ್ತಕದಲ್ಲಿ ಅದಕ್ಕೊಂದು ಜಾಗ ಇರಲಿ ಎಂದು ಕೇಳಿಕೊಂಡು ಸೇರಿಸಿದರು. ಪದ್ಯವಾಗಿ ಉಳಿಯಲಾರದ್ದನ್ನು ಅಲ್ಲಿದ್ದವರಿಗಾಗಿ ಉಳಿಸಿಕೊಂಡರೆಂದು ನಾವು ಓದುತ್ತೇವೆ.

ಆಮೇಲೆಯೂ ಸತ್ಯೇಂದ್ರನಾಥರು ವರ್ಗವಾದ ಊರುಗಳಿಗೆ ತಮ್ಮ ಬಂದು ಹೋಗುತ್ತಲೇ ಇದ್ದರು. ‘ರಾಜಾ ಓ ರಾಣಿ’ ನಾಟಕ 1889ರಲ್ಲಿ ಸೊಲ್ಲಾಪುರದಲ್ಲಿ ಬರೆದದ್ದು. ಹೋವ್‌ನಲ್ಲೂ ಟಾರ್ಕೀಯಲ್ಲೂ ಬಾಲ ಹಿಡಿದು ತಿರುಗಿದ ಇಂದಿರಾ ಮುಂದೆ ‘ಛಿನ್ನಪತ್ರ’ದ ಕಾಗದಗಳನ್ನು ಕಾಪಿಟ್ಟವರು, ಚಿಕ್ಕಪ್ಪನ ಹಾಡುಗಳಿಗೆ ಸ್ವರಲಿಪಿ ಬರೆದು ಉಳಿಸಿದವರು. ಸತ್ಯೇಂದ್ರನಾಥರು 1923ರಲ್ಲಿ, ಜ್ಯೋತಿರಿಂದ್ರರು 1925ರಲ್ಲಿ, ಸುರೇನ್ 1940ರಲ್ಲಿ ತೀರಿಕೊಂಡರು. ರವೀಂದ್ರರೂ ಜ್ಞಾನದಾನಂದಿನಿಯೂ ಹೋದದ್ದು ಒಂದೇ ವರ್ಷ, 1941ರಲ್ಲಿ. ಆ ಮನೆಯವರಲ್ಲಿ ಕೊನೆಯವರಾಗಿ ಉಳಿದದ್ದು ಇಂದಿರಾ ದೇವಿ. 1956ರಲ್ಲಿ ಕೆಲವು ತಿಂಗಳು ವಿಶ್ವಭಾರತಿಯ ಹಂಗಾಮಿ ಉಪಕುಲಪತಿಯಾಗಿದ್ದರು. ಹತ್ತಿಗಾಗಿ ಮುಂಬಯಿಗೆ ಹೋಗಿದ್ದ ಕಾರವಾರ ಅದೇ ವರ್ಷದ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಇಂದಿರಾ ದೇವಿ ಕಣ್ಮುಚ್ಚಿದ್ದು 1960ರಲ್ಲಿ.